ಅಂಗಳದ ಹಪ್ಪಳ, ಮಾವಿನ ಮರದ ಮಂಗ: ಪ್ರಾಸಬದ್ಧ ಚಿತ್ರಪುಸ್ತಕ ರಚನೆಗೆ ಸಮಗ್ರ ಮಾರ್ಗದರ್ಶಿ

ತುಂಟ ಪ್ರಾಣಿಯೊಂದು ತಿಂಡಿಯ ಬೆನ್ನು ಹತ್ತುವ ಕಥೆಯನ್ನು ಪದ್ಯದಲ್ಲಿ ಹೇಳಿ, ಅದಕ್ಕೆ ಚಿತ್ರ ಬರೆಸಿ, 24 ಪುಟಗಳ ಪುಸ್ತಕವಾಗಿ ಹೊರತರುವ ಬಗೆಯನ್ನು ಇಲ್ಲಿ ಮೊದಲಿನಿಂದ ಕೊನೆಯವರೆಗೆ ವಿವರಿಸಲಾಗಿದೆ. ಓದುಗರು ಮೂರರಿಂದ ಏಳು ವರ್ಷದ ಮಕ್ಕಳು ಮತ್ತು ಅವರಿಗೆ ಓದಿ ಹೇಳುವ ದೊಡ್ಡವರು. ಉದಾಹರಣೆಗಾಗಿ ಕಾಸರಗೋಡಿನ ಒಂದು ಅಂಗಳವನ್ನು, ಅಲ್ಲಿ ಬಿಸಿಲಿಗೆ ಹರಡಿದ ಹಲಸಿನ ಹಪ್ಪಳವನ್ನು ಮತ್ತು ಮಾವಿನ ಕೊಂಬೆಯಲ್ಲಿ ಹೊಂಚು ಹಾಕುವ ಮಂಗವನ್ನು ತೆಗೆದುಕೊಳ್ಳೋಣ. ನಿಮ್ಮ ಪ್ರಾಣಿ ಬೆಕ್ಕಾಗಬಹುದು, ಆಡಾಗಬಹುದು, ತಿಂಡಿ ಪತ್ರೊಡೆಯೋ ಎಲೆಯಲ್ಲಿ ಬೇಯಿಸುವ ಕಡುಬಾದ ಕೊಟ್ಟಿಗೆಯೋ ಆಗಬಹುದು. ಕೆಲಸದ ಕ್ರಮ ಬದಲಾಗುವುದಿಲ್ಲ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕನ್ನಡದಲ್ಲಿ ಪ್ರಾಸ ತೀರಾ ಸುಲಭವಾಗಿ ಸಿಗುತ್ತದೆ, ಮಕ್ಕಳ ಪದ್ಯಗಳು ಸಪ್ಪೆಯಾಗುವುದಕ್ಕೆ ಮುಖ್ಯ ಕಾರಣವೇ ಅದು. ನಮ್ಮ ವಾಕ್ಯ ಕ್ರಿಯಾಪದದಲ್ಲಿ ಮುಗಿಯುವುದರಿಂದ ‘ಇತು’, ‘ಇತು’ ಎಂದು ಸಾಲುಗಳನ್ನು ಎಷ್ಟು ಬೇಕಾದರೂ ಪೋಣಿಸಬಹುದು. ಆದರೆ ಆ ಪ್ರಾಸ ಯಾವ ಮಗುವಿಗೂ ಏನನ್ನೂ ಹೇಳುವುದಿಲ್ಲ. ಪ್ರಾಸ ಬೀಳಬೇಕಾದ ಜಾಗಗಳು ತಿಂಡಿ, ತುಂಟತನ ಮತ್ತು ಪುಟ ತಿರುವುವ ಕ್ಷಣ. ಮುಂದೆ ಬರುವ ಹಂತಗಳೆಲ್ಲ ಇದನ್ನು ಸಾಧಿಸುವುದಕ್ಕಾಗಿಯೇ ಇವೆ.

ಪ್ರಾಣಿಯನ್ನೂ ತಿಂಡಿಯನ್ನೂ ಜೋಡಿಯಾಗಿ ಆರಿಸಿಕೊಳ್ಳಿ

ಮೊದಲು ಪ್ರಾಣಿ, ಆಮೇಲೆ ತಿಂಡಿ ಎಂದು ಬೇರೆ ಬೇರೆಯಾಗಿ ಯೋಚಿಸಿದರೆ ಕಥೆ ಹುಟ್ಟುವುದು ಕಷ್ಟ. ಆ ಪ್ರಾಣಿಯ ದೇಹಕ್ಕೂ ಆ ತಿಂಡಿಯ ಗುಣಕ್ಕೂ ನಡುವೆ ಒಂದು ತೊಡಕು ಇರಬೇಕು, ಹಾಸ್ಯ ಅಲ್ಲಿಂದ ಬರುತ್ತದೆ. ನಮ್ಮ ಊರುಗಳಲ್ಲಿ ಸಾಮಾನ್ಯವಾಗಿ ಕಾಣುವ ಕೆಂಪು ಮೋರೆಯ ಮಂಗಕ್ಕೆ ಎರಡೂ ಕೆನ್ನೆಗಳೊಳಗೆ ಚೀಲಗಳಿರುತ್ತವೆ. ಸಿಕ್ಕಿದ್ದನ್ನು ಅವಸರದಲ್ಲಿ ಅಲ್ಲಿ ತುರುಕಿಕೊಂಡು, ಸುರಕ್ಷಿತವಾದ ಕೊಂಬೆಯ ಮೇಲೆ ಕುಳಿತ ಬಳಿಕ ನಿಧಾನವಾಗಿ ತಿನ್ನುವುದು ಅದರ ರೂಢಿ. ಹಪ್ಪಳವೋ ಅಗಲವಾದ, ಚಪ್ಪಟೆಯಾದ ವಸ್ತು. ಅಗಲದ ಹಪ್ಪಳ ಮತ್ತು ಚಿಕ್ಕ ಕೆನ್ನೆಚೀಲ, ಇಷ್ಟಾದರೆ ಅರ್ಧ ಕಥೆ ಸಿಕ್ಕಿದಂತೆಯೇ. ಪ್ರತಿ ಪುಟದಲ್ಲೂ ಕೆನ್ನೆ ಉಬ್ಬುತ್ತ ಹೋಗುವುದನ್ನು ಓದಲು ಬಾರದ ಮಗುವೂ ಗಮನಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಪ್ಪು ಮೋರೆಯ, ಉದ್ದ ಬಾಲದ ಮುಸುವಕ್ಕೆ ಕೆನ್ನೆಚೀಲ ಇರುವುದಿಲ್ಲ, ಅದು ಮುಖ್ಯವಾಗಿ ಎಲೆ ತಿನ್ನುವ ಪ್ರಾಣಿ. ಎರಡನ್ನೂ ಒಂದೇ ಎಂದು ಭಾವಿಸಿ ಕಪ್ಪು ಮೋರೆಯ ಮಂಗಕ್ಕೆ ಉಬ್ಬಿದ ಕೆನ್ನೆ ಬರೆದರೆ, ತೋಟದ ಮನೆಯ ಐದು ವರ್ಷದ ಮಗು ಮೊದಲ ಪುಟದಲ್ಲೇ ಆಕ್ಷೇಪ ಎತ್ತೀತು. ಕೆಂಪು ಮೋರೆಯ ಮಂಗದ ನೆತ್ತಿಯ ಕೂದಲು ನಡುವಿನಿಂದ ಸುತ್ತಲೂ ಹರಡಿ ಟೊಪ್ಪಿ ಇಟ್ಟಂತೆ ಕಾಣುತ್ತದೆ, ಇಂಗ್ಲಿಷಿನ ‘ಬಾನೆಟ್’ ಎಂಬ ಹೆಸರು ಅದಕ್ಕೆ ಬಂದದ್ದೂ ಇದರಿಂದಲೇ. ಈ ಟೊಪ್ಪಿ ಮುಂದೆ ನಮಗೆ ಪದ್ಯದಲ್ಲಿ ಉಪಯೋಗಕ್ಕೆ ಬರಲಿದೆ.

ತುಂಟತನದ ಅಳತೆಯನ್ನೂ ಈ ಹಂತದಲ್ಲೇ ನಿರ್ಧರಿಸಬೇಕು. ಕೇರಳದ ಮಹಿಳಾ ಸ್ವಸಹಾಯ ಜಾಲವಾದ ಕುಟುಂಬಶ್ರೀಯ ಗುಂಪುಗಳು ಸೇರಿದಂತೆ ಅನೇಕ ಮನೆಗಳ ಮಹಿಳೆಯರಿಗೆ ಹಪ್ಪಳವೆಂದರೆ ಆದಾಯ. ಮಂಗಗಳ ಹಾವಳಿಯಿಂದ ತೆಂಗು, ಬಾಳೆ ಕಳೆದುಕೊಂಡ ಕೃಷಿಕನಿಗೆ ಈ ವಿಷಯ ತಮಾಷೆಯಲ್ಲ. ಆದ್ದರಿಂದ ಮಂಗ ಕದಿಯುವುದು ನಾಲ್ಕೈದು ಹಪ್ಪಳ ಮಾತ್ರವಿರಲಿ, ಚಾಪೆಯೇ ಖಾಲಿಯಾಗುವುದು ಬೇಡ. ಕಲ್ಲು ಹೊಡೆಯುವುದು, ಕಟ್ಟಿಹಾಕುವುದು ಮುಂತಾದ ಶಿಕ್ಷೆಯ ಮುಕ್ತಾಯವೂ ಬೇಡ, ‘ಕದಿಯಬಾರದು ಮಕ್ಕಳೇ’ ಎಂಬ ಉಪದೇಶವೂ ಬೇಡ. ಉಪದೇಶ ಬರುವ ಪುಟವನ್ನು ಮಕ್ಕಳು ಬೇಗ ಗುರುತಿಸಿ ದಾಟಿಬಿಡುತ್ತಾರೆ.

ತಿಂಡಿಯನ್ನು ಕಣ್ಣಾರೆ ಕಂಡು ಟಿಪ್ಪಣಿ ಮಾಡಿಕೊಳ್ಳಿ

ಪದ್ಯ ಬರೆಯುವ ಮೊದಲು ಆ ತಿಂಡಿ ತಯಾರಾಗುವುದನ್ನು ಒಮ್ಮೆ ಪೂರ್ತಿಯಾಗಿ ನೋಡುವುದು ಒಳ್ಳೆಯದು. ಹಲಸಿನ ಹಪ್ಪಳದ ಕೆಲಸ ಮಳೆಗಾಲ ಹಿಡಿಯುವ ಮೊದಲಿನ ಬೇಸಿಗೆಯಲ್ಲಿ ನಡೆಯುತ್ತದೆ. ಬಲಿತಿದ್ದರೂ ಹಣ್ಣಾಗದ ಕಾಯಿಯನ್ನು ಕೊಯ್ದು, ಕೈಗೆ ಮೇಣ ಹತ್ತದಂತೆ ಎಣ್ಣೆ ಸವರಿಕೊಂಡು ಸೊಳೆ ಬಿಡಿಸಿ, ಹಬೆಯಲ್ಲಿ ಬೇಯಿಸಿ, ಉಪ್ಪು, ಮೆಣಸು, ಕೊತ್ತಂಬರಿ ಅಥವಾ ಜೀರಿಗೆ ಸೇರಿಸಿ ನುಣ್ಣಗೆ ಮಾಡುತ್ತಾರೆ. ಆ ಹಿಟ್ಟಿನ ಉಂಡೆಗಳನ್ನು ಎಣ್ಣೆ ಸವರಿದ ಎರಡು ಹಾಳೆಗಳ ನಡುವೆ ಇಟ್ಟು ಒತ್ತಿ, ಚಾಪೆಯ ಮೇಲೆ ಸಾಲಾಗಿ ಹರಡಿ ಬಿಸಿಲಿಗೆ ಬಿಡುತ್ತಾರೆ. ಒತ್ತುವ ಮೊದಲೇ ಹಿಟ್ಟಿಗೆ ತೆಂಗಿನೆಣ್ಣೆ ಬೆರೆಸಿ ತಿನ್ನಲು ಮಕ್ಕಳು ಸುತ್ತ ನೆರೆಯುವುದು ಎಲ್ಲ ಮನೆಗಳಲ್ಲೂ ಇರುವ ಸಂಗತಿ. ಹಾಗಾಗಿ ಕಳ್ಳತನದಲ್ಲಿ ಮಂಗಕ್ಕಿಂತ ಮಕ್ಕಳೇ ಮುಂದಿರುತ್ತಾರೆ, ಇದನ್ನು ಚಿತ್ರದ ಮೂಲೆಯಲ್ಲಿ ತೋರಿಸಬಹುದು.

ಈ ವಿವರಗಳಿಂದ ಪದ್ಯಕ್ಕೆ ನೇರವಾದ ಲಾಭವಿದೆ. ಮೊದಲ ದಿನದ ಹಪ್ಪಳವನ್ನು ಚಾಪೆಯಿಂದ ಎಬ್ಬಿಸಿದರೆ ಅದು ಹಸಿ ಚರ್ಮದಂತೆ ಬಾಗುತ್ತದೆ, ಹಲ್ಲಿಗೆ ಅಂಟುತ್ತದೆ. ಬಿಸಿಲು ಏರಿದಂತೆ ಅಂಚು ಸುರುಳಿ ಸುತ್ತಿಕೊಳ್ಳುತ್ತದೆ, ಚೆನ್ನಾಗಿ ಒಣಗಿದ ಮೇಲೆ ಬೆರಳ ನಡುವೆ ಪಟ್ಟನೆ ಮುರಿಯುತ್ತದೆ. ‘ಕುರುಕುರು’ ಎಂಬ ಸದ್ದು ಬರುವುದು ಎಣ್ಣೆಯಲ್ಲಿ ಕರಿದ ಮೇಲೆ. ಅಂಗಳದಲ್ಲಿ ಕದ್ದ ಹಸಿ ಹಪ್ಪಳವನ್ನು ಮಂಗ ಮೊದಲ ಪುಟದಲ್ಲೇ ‘ಕುರುಕುರು’ ತಿಂದಿತೆಂದು ಬರೆದರೆ ಆ ಸದ್ದನ್ನು ಕಥೆಯ ಕೊನೆಗೆ ಉಳಿಸಿಕೊಳ್ಳುವ ಅವಕಾಶವನ್ನೇ ಕಳೆದುಕೊಳ್ಳುತ್ತೀರಿ. ಮೆತ್ತಗಿನಿಂದ ಗರಿಗರಿಯವರೆಗಿನ ಈ ಪ್ರಯಾಣ ಪುಸ್ತಕದ ಒಳಗಿನ ಇನ್ನೊಂದು ಕಥೆ.

ಕಥೆಯನ್ನು ಗದ್ಯದಲ್ಲಿ, ಪುಟಗಳ ಲೆಕ್ಕದಲ್ಲಿ ಬರೆಯಿರಿ

ನಡುವೆ ಪಿನ್ ಹೊಡೆಯುವ ಪುಸ್ತಕದ ಪುಟಗಳು ನಾಲ್ಕರ ಗುಣಕದಲ್ಲೇ ಇರಬೇಕಾಗುತ್ತದೆ. ಅಂತರರಾಷ್ಟ್ರೀಯ ರೂಢಿಯಲ್ಲಿ 32 ಪುಟ ಸಾಮಾನ್ಯವಾದರೆ, ಖರ್ಚಿನ ದೃಷ್ಟಿಯಿಂದ ನಮಗೆ 24 ಅಥವಾ 16 ಅನುಕೂಲ. 24 ಪುಟಗಳನ್ನು ತೆಗೆದುಕೊಂಡರೆ ಒಂದನೆಯ ಪುಟದಲ್ಲಿ ಶೀರ್ಷಿಕೆ, ಎರಡನೆಯದರಲ್ಲಿ ಪ್ರಕಾಶನದ ವಿವರ, ಮೂರನೆಯದರಲ್ಲಿ ಕಥೆಯ ಬಾಗಿಲು, ನಾಲ್ಕರಿಂದ ಇಪ್ಪತ್ತಮೂರರವರೆಗೆ ಎದುರುಬದುರಾದ ಹತ್ತು ಜೋಡಿ ಪುಟಗಳು ಮತ್ತು ಕೊನೆಯ ಒಂಟಿ ಪುಟ. ಹೊದಿಕೆ ಬೇರೆ. ಎಂದರೆ ಕಥೆಗೆ ಸಿಗುವುದು ಹತ್ತು ದೊಡ್ಡ ದೃಶ್ಯಗಳು ಮತ್ತು ಎರಡು ಚಿಕ್ಕವು. ಎ4 ಅಳತೆಯ ಆರು ಹಾಳೆಗಳನ್ನು ಒಟ್ಟಿಗೆ ಮಡಚಿದರೆ ಇದೇ 24 ಪುಟಗಳ ಡಮ್ಮಿ, ಅಂದರೆ ಮಾದರಿ ಪುಸ್ತಕ, ಸಿದ್ಧವಾಗುತ್ತದೆ. ಮುಂದಿನ ಎಲ್ಲ ಕೆಲಸವೂ ಈ ಡಮ್ಮಿಯ ಮೇಲೆಯೇ ನಡೆಯಲಿ. ಕಂಪ್ಯೂಟರಿನ ಪರದೆಯಲ್ಲಿ ಪುಟ ತಿರುವುವ ಅನುಭವ ಸಿಗುವುದಿಲ್ಲ.

ನಮ್ಮ ಕಥೆ ಹೀಗಿರಬಹುದು. ಅಜ್ಜಿ ಹಪ್ಪಳ ಹರಡಿ ಕಾವಲು ಕುಳಿತು ತೂಕಡಿಸುತ್ತಾಳೆ. ಮಂಗ ಇಳಿದು ಬರುತ್ತದೆ. ಒಂದು ಹಪ್ಪಳ ಎಡಗೆನ್ನೆಗೆ, ಇನ್ನೊಂದು ಬಲಗೆನ್ನೆಗೆ, ಮೂರನೆಯದಕ್ಕೆ ಜಾಗವಿಲ್ಲ. ಮೂರನೆಯದನ್ನು ಟೊಪ್ಪಿಯಾಗಿಸಿಕೊಂಡು, ನಾಲ್ಕನೆಯದಕ್ಕೆ ಕೈ ಹಾಕುವಾಗ ಕೆನ್ನೆಯೊಳಗಿನ ಹಪ್ಪಳದ ಮೆಣಸು ತನ್ನ ಕೆಲಸ ಶುರುಮಾಡುತ್ತದೆ. ಅಷ್ಟರಲ್ಲಿ ಮೂಡಣದ ಗುಡ್ಡದ ಮೇಲೆ ಮೇ ತಿಂಗಳ ಮೋಡ ಕಪ್ಪಾಗುತ್ತಿರುವುದನ್ನು ಚಿತ್ರ ಮಾತ್ರ ತೋರಿಸುತ್ತದೆ, ಪದ್ಯ ಹೇಳುವುದಿಲ್ಲ. ಖಾರ ತಾಳಲಾರದೆ ಮಂಗ ಕಿರಿಚಿದಾಗ ಅಜ್ಜಿ ಎಚ್ಚರಗೊಂಡು ಮೇಲೆ ನೋಡುತ್ತಾಳೆ, ಮೊದಲ ಹನಿ ಬೀಳುತ್ತದೆ, ಚಾಪೆ ಸಮೇತ ಹಪ್ಪಳ ಚಾವಡಿ ಸೇರುತ್ತದೆ. ಕೊನೆಯ ದೃಶ್ಯದಲ್ಲಿ ಹೊರಗೆ ಮಳೆ, ಒಳಗೆ ಬಾಣಲೆ. ಮಂಗ ಎಲ್ಲಿದೆಯೆಂಬುದನ್ನು ಮಗುವೇ ಚಿತ್ರದಲ್ಲಿ ಹುಡುಕಲಿ.

ಗದ್ಯದಲ್ಲಿ ಈ ಕಥೆ ಗಟ್ಟಿಯಾಗಿ ನಿಲ್ಲುವವರೆಗೆ ಪದ್ಯಕ್ಕೆ ಕೈ ಹಾಕಬಾರದು. ಕಥೆಯ ದೌರ್ಬಲ್ಯವನ್ನು ಪ್ರಾಸ ಮುಚ್ಚಿಡುತ್ತದೆ, ಬರೆಯುವವರಿಗೆ ಅದು ಕಾಣುವುದೇ ಇಲ್ಲ.

ನಡೆಯನ್ನು ಹಿಡಿಯಿರಿ

ಮಕ್ಕಳ ಪದ್ಯಕ್ಕೆ ಪ್ರಾಸಕ್ಕಿಂತ ಮೊದಲು ಬೇಕಾದದ್ದು ನಡೆ, ಅಂದರೆ ಲಯ. ಅದಕ್ಕೆ ಮಾತ್ರೆಯ ಲೆಕ್ಕ ಸಾಕು. ಹ್ರಸ್ವ ಸ್ವರವುಳ್ಳ ಅಕ್ಷರ ಲಘು, ಒಂದು ಮಾತ್ರೆ. ದೀರ್ಘ ಸ್ವರವುಳ್ಳದ್ದು, ಸೊನ್ನೆಯಿಂದ ಕೂಡಿದ್ದು ಮತ್ತು ಒತ್ತಕ್ಷರದ ಹಿಂದಿನದು ಗುರು, ಎರಡು ಮಾತ್ರೆ. ಕೆನ್ನೆಯಲ್ಲಿ ‘ಕೆ’ ಗುರುವಾಗುವುದು ಮುಂದಿನ ಒತ್ತಕ್ಷರದಿಂದ. ನಾಲ್ಕು ಮಾತ್ರೆಯ ಗಣ ಹೆಜ್ಜೆ ಹಾಕಲು, ಚಪ್ಪಾಳೆ ತಟ್ಟಲು ಅತ್ಯಂತ ಸಹಜವಾದದ್ದು. ಈ ಸಾಲುಗಳನ್ನು ನೋಡಿ:

ಅಂಗಳ ತುಂಬಾ ಹಲಸಿನ ಹಪ್ಪಳ
ಕಾವಲಿಗಜ್ಜಿಯ ಕಣ್ಣಲಿ ನಿದ್ದೆ
ಮಾವಿನ ಕೊಂಬೆಯ ಮೇಲಿನ ಮಂಗಗೆ
ಬಾಯಲಿ ನೀರಿದೆ, ಗಲ್ಲವು ಒದ್ದೆ

ಮೊದಲ ಸಾಲು ‘ಅಂಗಳ, ತುಂಬಾ, ಹಲಸಿನ, ಹಪ್ಪಳ’ ಎಂದು ನಾಲ್ಕು ನಾಲ್ಕರ ನಾಲ್ಕು ಗಣಗಳಾಗಿ ಒಡೆಯುತ್ತದೆ, ಒಟ್ಟು 16 ಮಾತ್ರೆ. ಎರಡನೆಯ ಮತ್ತು ನಾಲ್ಕನೆಯ ಸಾಲಿನ ಕೊನೆಯ ಗಣದಲ್ಲಿ ಮೂರೇ ಮಾತ್ರೆ ಇದೆ, ಉಳಿದ ಒಂದನ್ನು ಉಸಿರು ತುಂಬಿಕೊಳ್ಳುತ್ತದೆ. ಓದುವವರಿಗೆ ಆ ವಿರಾಮ ಬೇಕು, ಚಿತ್ರದ ಕಡೆ ಬೆರಳು ತೋರಿಸಲು ಮಗುವಿಗೂ ಬೇಕು.

ಕರಾವಳಿಯ ನಾವು ಪದಗಳ ಸ್ವರಗಳನ್ನು ಪೂರ್ತಿಯಾಗಿ ಉಚ್ಚರಿಸುತ್ತೇವೆ. ಘಟ್ಟದ ಮೇಲಿನ ಊರುಗಳಲ್ಲಿ ‘ಹಲಸಿನ’ ಎಂಬುದು ‘ಹಲ್ಸಿನ’ ಆಗುವುದುಂಟು. ಆಗ ನಡೆ ಕೆಡುವುದಿಲ್ಲವೇ ಎಂದು ಕೇಳಬಹುದು. ಕೆಡುವುದಿಲ್ಲ, ಏಕೆಂದರೆ ‘ಲ’ಕಾರದ ಸ್ವರ ಬಿದ್ದುಹೋದಾಗ ಹಿಂದಿನ ‘ಹ’ ಗುರುವಾಗಿ ಲೆಕ್ಕ ನಾಲ್ಕಕ್ಕೇ ನಿಲ್ಲುತ್ತದೆ. ‘ಎಡಗಡೆ’ ‘ಎಡ್ಗಡೆ’ಯಾದರೂ ಅಷ್ಟೇ. ಅಕ್ಷರಗಳನ್ನು ಎಣಿಸಿ ಬರೆದ ಪದ್ಯ ಊರು ಬದಲಾದಾಗ ಎಡವುತ್ತದೆ, ಮಾತ್ರೆ ಎಣಿಸಿ ಬರೆದದ್ದು ಬಹುಮಟ್ಟಿಗೆ ಉಳಿದುಕೊಳ್ಳುತ್ತದೆ.

ಇಡೀ ಪುಸ್ತಕ ಒಂದೇ ನಡೆಯಲ್ಲಿ ಸಾಗಿದರೆ ಏಕತಾನವಾಗುತ್ತದೆ. ಮಂಗ ಕಳ್ಳಹೆಜ್ಜೆ ಇಡುವ ಒಂದು ದೃಶ್ಯದಲ್ಲಿ ಮಾತ್ರ ಮೂರು ಮತ್ತು ನಾಲ್ಕು ಮಾತ್ರೆಗಳ ಭಾಮಿನಿ ಷಟ್ಪದಿಯ ನಡೆಗೆ ಹೊರಳಬಹುದು: ‘ಮೆಲ್ಲ ಮೆಲ್ಲನೆ ಕೊಂಬೆಯಿಳಿಯುತ’. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ, ಯಕ್ಷಗಾನದ ಚೆಂಡೆಯ ಸದ್ದಿನಲ್ಲೇ ತೊಡೆಯ ಮೇಲೆ ಮಲಗಿ ಬೆಳೆಯುವ ಮಕ್ಕಳಿಗೆ ನಡೆ ಬದಲಾದದ್ದನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಇಂಥ ಹೊರಳು ಪುಸ್ತಕದಲ್ಲಿ ಒಂದೇ ಕಡೆ ಇರಲಿ.

ಪ್ರಾಸವನ್ನು ಎಲ್ಲಿ ಇಡಬೇಕು

ಈಗ ಮುಖ್ಯ ವಿಷಯಕ್ಕೆ ಬರೋಣ. ಹೀಗೊಂದು ಪದ್ಯವನ್ನು ಯಾರೂ ಐದು ನಿಮಿಷದಲ್ಲಿ ಬರೆಯಬಹುದು:

ಮಂಗವು ಅಂಗಳಕಿಳಿಯಿತು
ಅಜ್ಜಿಯ ಹಪ್ಪಳ ಸೆಳೆಯಿತು
ಮರವನು ಏರಿ ಕುಳಿತಿತು
ಎಲ್ಲವ ಗಬಗಬ ನುಂಗಿತು

ವ್ಯಾಕರಣದಲ್ಲಿ ದೋಷವಿಲ್ಲ, ಪ್ರಾಸವೂ ಇದೆ. ಆದರೆ ನಾಲ್ಕು ಸಾಲಿನ ಕೊನೆಗೂ ಕೇಳಿಸುವುದು ಒಂದೇ ಪ್ರತ್ಯಯ. ಮುಂದಿನ ಸಾಲಿನ ಕೊನೆಯ ಪದ ಯಾವುದಿರಬಹುದೆಂದು ಊಹಿಸಲು ಮಗುವಿಗೆ ಇಲ್ಲಿ ಏನೂ ಇಲ್ಲ. ಇದಕ್ಕೆ ಪ್ರತಿಯಾಗಿ ‘ನಿದ್ದೆ’ಗೆ ‘ಒದ್ದೆ’ ಬಂದಾಗ ಎರಡು ಬೇರೆ ಬೇರೆ ವಸ್ತುಸ್ಥಿತಿಗಳು, ಅಜ್ಜಿಯ ಕಣ್ಣು ಮತ್ತು ಮಂಗನ ಗಲ್ಲ, ಒಂದೇ ಸದ್ದಿನಲ್ಲಿ ಕೂಡಿಕೊಳ್ಳುತ್ತವೆ.

ಇದನ್ನು ಸಾಧಿಸಲು ಮೂರು ಉಪಾಯಗಳಿವೆ. ಮೊದಲನೆಯದಾಗಿ, ಕ್ರಿಯಾಪದವನ್ನು ಸಾಲಿನ ನಡುವೆ ತಂದು ನಾಮಪದವನ್ನು ಕೊನೆಗೆ ತಳ್ಳುವುದು. ‘ಎದ್ದಳು ಅಜ್ಜಿ’, ‘ಬಂತು ನೋಡು ಮಳೆ’ ಎಂಬ ಕ್ರಮ ನಮ್ಮ ಆಡುಮಾತಿನಲ್ಲಿ ಸಹಜವಾಗಿಯೇ ಇದೆ, ಆದರೆ ಪ್ರತಿ ಸಾಲನ್ನೂ ಹೀಗೆ ತಿರುಗಿಸಿದರೆ ಕೃತಕವಾಗುತ್ತದೆ. ಎರಡನೆಯದು, ಕ್ರಿಯಾಪದವನ್ನೇ ಬಿಟ್ಟುಬಿಡುವುದು. ‘ಗಲ್ಲವು ಒದ್ದೆ’ ಎಂಬಲ್ಲಿ ‘ಆಗಿದೆ’ ಎನ್ನಬೇಕಾಗಿಲ್ಲ. ಕನ್ನಡ ಇದಕ್ಕೆ ಒಪ್ಪಿಗೆ ಕೊಡುತ್ತದೆ. ಮೂರನೆಯದು ಸಾಲಿನ ಕೊನೆಯಲ್ಲಿ ಪ್ರಶ್ನೆ ಅಥವಾ ಕೂಗನ್ನು ಇಡುವುದು.

ಬರೆಯುವ ಮೊದಲು ಪದಗಳ ಒಂದು ಪಟ್ಟಿ ಮಾಡಿಕೊಳ್ಳಿ. ನಿಮ್ಮ ಕಥೆಯಲ್ಲಿ ಹೇಗೂ ಬರುವ ವಸ್ತುಗಳಿಂದಲೇ ಪಟ್ಟಿ ಶುರುವಾಗಲಿ: ಸೊಳೆ, ಮಳೆ, ಬಳೆ, ಕೊಳೆ, ತುಂಡು, ಹಿಂಡು, ಗುಂಡು, ಚೆಂಡು, ಖಾರ, ಭಾರ, ಹಾರ, ದಾರ, ಎಣ್ಣೆ, ಬೆಣ್ಣೆ, ದೊಣ್ಣೆ, ಕೆನ್ನೆ, ನಿನ್ನೆ, ಮೊನ್ನೆ. ಹೀಗೆ ಬರೆಯುತ್ತ ಹೋದಾಗ ಪದಗಳೇ ಕಥೆಗೆ ತಿರುವು ಸೂಚಿಸುತ್ತವೆ. ಸೊಳೆಯ ಪಕ್ಕದಲ್ಲಿ ಮಳೆ ಬಂದು ಕುಳಿತದ್ದರಿಂದಲೇ ನಮ್ಮ ಕಥೆಯಲ್ಲಿ ಮೋಡಕ್ಕೆ ಜಾಗ ಸಿಕ್ಕಿತು. ‘ಹಪ್ಪಳ’ ಎಂಬ ಪದಕ್ಕೆ ಒಳ್ಳೆಯ ಅಂತ್ಯಪ್ರಾಸ ಸುಲಭವಾಗಿ ಸಿಗುವುದಿಲ್ಲ. ಆದ್ದರಿಂದ ಅದನ್ನು ಸಾಲಿನ ನಡುವೆ ಇಡಿ, ಅಥವಾ ಪ್ರಾಸ ಬೇಡದ ಒಂದನೆಯ, ಮೂರನೆಯ ಸಾಲಿನ ಕೊನೆಗೆ ಕಳುಹಿಸಿ. ‘ಸಕಲ’ವನ್ನು ತಂದು ಅದಕ್ಕೆ ಜೋಡಿಸಬೇಡಿ, ‘ಲ’ಕಾರ ‘ಳ’ಕಾರಗಳ ವ್ಯತ್ಯಾಸವನ್ನು ನಮ್ಮ ಮಕ್ಕಳ ಕಿವಿ ಚೆನ್ನಾಗಿ ಬಲ್ಲದು.

ಅಂತ್ಯಪ್ರಾಸದ ಜೊತೆಗೆ ಕನ್ನಡದ ಹಳೆಯ ಆಸ್ತಿಯಾದ ಆದಿಪ್ರಾಸ, ಅಂದರೆ ಸಾಲುಗಳ ಎರಡನೆಯ ಅಕ್ಷರವನ್ನು ಒಂದಾಗಿಸುವ ಕ್ರಮವೂ ನಮ್ಮ ಕೈಯಲ್ಲಿದೆ. ಅದು ಕಡ್ಡಾಯವಾಗಿದ್ದ ಕಾಲದಲ್ಲಿ, 1911ರ ಸುಮಾರಿಗೆ, ಆ ಪ್ರಾಸವನ್ನು ತೊರೆದು ಹೊಸಗನ್ನಡ ಕಾವ್ಯದಲ್ಲಿ ದೊಡ್ಡ ಚರ್ಚೆ ಎಬ್ಬಿಸಿದವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು. ಅವರು ಬಿಟ್ಟದ್ದು ಪದ್ಯಕ್ಕೆ ಬಿಗಿದ ಕಟ್ಟನ್ನು. ಇಂದು ಅದು ಕಡ್ಡಾಯವಲ್ಲದ ಕಾರಣ ಅದನ್ನು ಆಟದ ಸಾಮಗ್ರಿಯಾಗಿ ಬಳಸಿಕೊಳ್ಳಲು ನಮಗೆ ಸಂಕೋಚವಿರಬೇಕಾಗಿಲ್ಲ. ‘ಅಂಗಳ’ ಎಂದು ಆರಂಭವಾದ ದೃಶ್ಯ ‘ಮಂಗನ’ ಎಂದು ಮುಂದುವರಿದರೆ ಅಂಗ, ಮಂಗ ಎಂಬ ನಾದ ತಾನಾಗಿ ಮೂಡುತ್ತದೆ, ಓದುವ ಬಾಯಿಗೂ ಹಿತವಾಗುತ್ತದೆ.

ಇನ್ನು ಪಲ್ಲವಿ. ಎರಡು ಮೂರು ದೃಶ್ಯಗಳಿಗೊಮ್ಮೆ ಮರಳಿ ಬರುವ ಎರಡು ಸಾಲುಗಳು ಇದ್ದರೆ ಓದಲು ಬಾರದ ಮಗುವೂ ಪುಸ್ತಕದ ಪಾಲುದಾರನಾಗುತ್ತದೆ. ಮೊದಲ ಬಾರಿಗಳಲ್ಲಿ ಇದು ಹೀಗಿರಲಿ:

ಮೆತ್ತಗೆ ಮೆತ್ತಗೆ ಹಪ್ಪಳ ಚೂರು
ಅಜ್ಜಿಯು ಯಾರಿಗೆ ಹೇಳಲಿ ದೂರು?

ಕೊನೆಯ ಬಾರಿ, ಬಾಣಲೆಯ ದೃಶ್ಯದಲ್ಲಿ, ಉಳಿಸಿಟ್ಟ ಸದ್ದನ್ನು ಬಿಡುಗಡೆ ಮಾಡಿ:

ಕರಕರ ಕುರುಕುರು ಹಪ್ಪಳ ಚೂರು
ಬಾಯಲಿ ಹಪ್ಪಳ, ಎಲ್ಲಿದೆ ದೂರು?

ಪಲ್ಲವಿಯಲ್ಲಿ ಬದಲಾವಣೆ ಇಷ್ಟೇ ಇರಬೇಕು. ಪ್ರತಿ ಸಲವೂ ಹೊಸದಾಗಿ ಬರೆದರೆ ಅದು ಪಲ್ಲವಿಯಾಗಿ ಉಳಿಯುವುದಿಲ್ಲ.

ಪುಟ ತಿರುವುವ ಜಾಗ

ಡಮ್ಮಿಯನ್ನು ಕೈಗೆತ್ತಿಕೊಂಡು, ಬಲಗಡೆಯ ಪುಟದ ಕೊನೆಯ ಸಾಲು ಏನು ಮಾಡುತ್ತಿದೆ ಎಂದು ಪರೀಕ್ಷಿಸಿ. ಅದು ಒಂದು ಕೊರತೆಯನ್ನು ಉಳಿಸಬೇಕು: ಪ್ರಾಸದ ಮೊದಲ ಅರ್ಧ ಇಲ್ಲಿ, ಉಳಿದರ್ಧ ಪುಟದ ಹಿಂದೆ.

ಒಂದನು ಎಡಗಡೆ ಕೆನ್ನೆಗೆ ತುರುಕಿ
ಒಂದನು ಬಲಗಡೆ ಕೆನ್ನೆಗೆ ತುರುಕಿ
ಮೂರನೆ ಹಪ್ಪಳಕೆಲ್ಲಿದೆ ಜಾಗ?

ಇಲ್ಲಿಗೆ ಪುಟ ಮುಗಿಯುತ್ತದೆ. ಓದುವವರು ಹಾಳೆಯ ಅಂಚು ಹಿಡಿದು ಸುಮ್ಮನಿದ್ದರೆ ಸಾಕು, ಮಕ್ಕಳು ಕಿವಿ, ಕಂಕುಳು, ಬಾಲ ಎಂದು ಕೂಗಲು ತೊಡಗುತ್ತಾರೆ. ಪುಟ ತಿರುವಿದಾಗ ಎರಡೂ ಪುಟಗಳಿಗೆ ಹರಡಿದ ಚಿತ್ರ, ಒಂದೇ ಒಂದು ಸಾಲು:

ತಲೆಯಲಿ ಟೊಪ್ಪಿಗೆಯಾಗಲಿ ಬೇಗ!

‘ಬಾಲದ ತುದಿಯಲಿ ಸಿಕ್ಕಿಸು ಬೇಗ’ ಎಂಬ ಸಾಲೂ ಮಾತ್ರೆಗೆ ಸರಿಯಾಗಿಯೇ ಹೊಂದುತ್ತದೆ. ಆದರೆ ನಮ್ಮ ಮಂಗಗಳ ಬಾಲಕ್ಕೆ ವಸ್ತುಗಳನ್ನು ಹಿಡಿಯುವ ಶಕ್ತಿಯಿಲ್ಲ, ಅಂಥ ಬಾಲವಿರುವುದು ದಕ್ಷಿಣ ಅಮೆರಿಕದ ಕೆಲವು ಮಂಗಗಳಿಗೆ. ಟೊಪ್ಪಿಯಂಥ ಕೂದಲಿನ ಪ್ರಾಣಿಗೆ ಹಪ್ಪಳದ ಟೊಪ್ಪಿ ಇಡುವುದರಲ್ಲಿ ಇರುವ ತಮಾಷೆ ಬಾಲದಲ್ಲಿಲ್ಲ. ಮಕ್ಕಳ ಪುಸ್ತಕದಲ್ಲಿ ಮಂಗ ಮಾತನಾಡಬಹುದು, ಟೊಪ್ಪಿ ಇಡಬಹುದು. ಆದರೆ ಅದರ ಮೈ ಅದರದ್ದೇ ಆಗಿರಲಿ ಎಂಬುದು ನನ್ನ ಅಭಿಪ್ರಾಯ.

ಎಲ್ಲ ಪುಟಗಳಲ್ಲೂ ಈ ತಂತ್ರ ಬೇಡ, ಪುಸ್ತಕದಲ್ಲಿ ಮೂರು ಕಡೆ ಇದ್ದರೆ ಸಾಕಾಗುತ್ತದೆ. ಮಂಗ ಕಿರಿಚುವ ದೃಶ್ಯದಲ್ಲಿ ಪದ್ಯವೇ ಬೇಡ, ಬಾಯ್ದೆರೆದ ಮಂಗನ ಚಿತ್ರ ಒಂದೇ ಇರಲಿ. ಆ ಸದ್ದನ್ನು ಮಕ್ಕಳೇ ಮಾಡುತ್ತಾರೆ.

ಮನೆಮಾತು ಮತ್ತು ಶಾಲೆಯ ಕನ್ನಡ

ಸಪ್ತಭಾಷೆಗಳ ನಾ‍ಡೆಂದು ಕರೆಯಿಸಿಕೊಳ್ಳುವ ಕಾಸರಗೋಡಿನ ಕನ್ನಡ ಮಾಧ್ಯಮದ ತರಗತಿಯಲ್ಲಿ ತುಳು, ಮಲಯಾಳ, ಹವ್ಯಕ ಕನ್ನಡ, ಕೊಂಕಣಿ, ಮರಾಠಿ, ಬ್ಯಾರಿ ಮನೆಮಾತಿನ ಮಕ್ಕಳು ಒಂದೇ ಬೆಂಚಿನಲ್ಲಿ ಕುಳಿತಿರುತ್ತಾರೆ. ಅನೇಕರಿಗೆ ಕನ್ನಡ ಕಥೆ ಕೇಳಲು ಸಿಗುವುದು ಶಾಲೆಯಲ್ಲೇ. ಆದ್ದರಿಂದ ಪದ್ಯದ ಬೆನ್ನೆಲುಬು ಸರಳ ಶಿಷ್ಟ ಕನ್ನಡವಾಗಿರಲಿ, ತಿಂಡಿಯ ಮತ್ತು ವಸ್ತುಗಳ ಹೆಸರುಗಳು ಮಾತ್ರ ಊರಿನವೇ ಆಗಿರಲಿ. ಸೊಳೆ, ಸಾಂತಾಣಿ, ಮಾಂಬಳ, ಪುನರ್ಪುಳಿ ಇವುಗಳಿಗೆ ಅಡಿಟಿಪ್ಪಣಿ ಕೊಡಬೇಡಿ. ಚಿತ್ರದಲ್ಲಿ ಅವು ಸ್ಪಷ್ಟವಾಗಿ ಕಂಡರೆ ಬಳ್ಳಾರಿಯ ಮಗುವಿಗೂ ಅರ್ಥವಾಗುತ್ತದೆ. ಮಹಾಪ್ರಾಣವನ್ನು ಅವಲಂಬಿಸಿದ ಪ್ರಾಸವನ್ನು ಬಿಟ್ಟುಬಿಡುವುದು ಕ್ಷೇಮ. ‘ಖಾರ’ವನ್ನು ‘ಕಾರ’ ಎಂದರೂ ‘ಭಾರ’ವನ್ನು ‘ಬಾರ’ ಎಂದರೂ ಸಾಲು ನಿಲ್ಲುವಂತಿರಬೇಕು.

ಮಗುವೇ ಓದಬೇಕೆಂಬ ಉದ್ದೇಶವಿದ್ದರೆ ಒತ್ತಕ್ಷರಗಳನ್ನೂ ಗಮನಿಸಿ. ಹಪ್ಪಳ, ಅಜ್ಜಿ, ಕೆನ್ನೆಗಳಂಥ ಸಜಾತೀಯ ಒತ್ತುಗಳು ಬೇಗ ಕೈಗೆ ಹತ್ತುತ್ತವೆ, ವಿಜಾತೀಯ ಒತ್ತುಗಳು ಹೆಚ್ಚಿದಂತೆ ಓದಿನ ಓಟ ನಿಲ್ಲುತ್ತದೆ.

ಚಿತ್ರಕಾರರೊಂದಿಗೆ

ಚಿತ್ರಕಾರರಿಗೆ ಪದ್ಯವನ್ನಷ್ಟೇ ಕೊಡದೆ ಡಮ್ಮಿಯನ್ನೂ ಕೊಡಿ; ಆದರೆ ‘ಇಲ್ಲಿ ಮಂಗ ಎಡಕ್ಕೆ ನೋಡಬೇಕು’ ಎಂಬಂಥ ಸೂಚನೆಗಳನ್ನು ಬರೆಯಬೇಡಿ. ನೀವು ಒದಗಿಸಬೇಕಾದದ್ದು ನೋಡಲು ಸಾಮಗ್ರಿ: ಮುರಕಲ್ಲಿನ ಗೋಡೆ, ಹೆಂಚಿನ ಮಾಡು, ಸೆಗಣಿ ಸಾರಿಸಿದ ಅಥವಾ ಸಿಮೆಂಟಿನ ಅಂಗಳ, ಹಿಂದೆ ಕಂಗಿನ ಸಾಲು, ಚಾಪೆಯ ಮೂಲೆಗೆ ಹಾರಿಹೋಗದಂತೆ ಇಟ್ಟ ಕಲ್ಲು, ಕಾಗೆ ಬರದಂತೆ ಕಟ್ಟಿದ ಕಪ್ಪು ಬಟ್ಟೆ. ಎಲ್ಲಿಂದಲೋ ತಂದ ಗುಡಿಸಲು ಮತ್ತು ಬೆಟ್ಟಗಳ ನಡುವೆ ನಮ್ಮ ಹಪ್ಪಳ ಒಣಗುವುದಿಲ್ಲ. ಪದ್ಯ ಹೇಳಿದ್ದನ್ನೇ ಚಿತ್ರವೂ ಹೇಳಿದರೆ ಒಂದು ವ್ಯರ್ಥವಾಗುತ್ತದೆ. ಚಿತ್ರ ತೋರಿಸಿಕೊಟ್ಟದ್ದನ್ನು ಪದ್ಯದಿಂದ ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಿ, ಅದು ಎಷ್ಟೇ ಚೆಂದದ ಸಾಲಾಗಿದ್ದರೂ ಸರಿ.

ಒಪ್ಪಂದ ಬರಹದಲ್ಲಿರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು. ಅವಧಿಯನ್ನು ನಮೂದಿಸದಿದ್ದರೆ ಅದು ಐದು ವರ್ಷವೆಂದೂ, ಪ್ರದೇಶವನ್ನು ನಮೂದಿಸದಿದ್ದರೆ ಭಾರತಕ್ಕೆ ಮಾತ್ರವೆಂದೂ ಪರಿಗಣಿತವಾಗುತ್ತದೆ. ಸಂಭಾವನೆ, ಮರುಮುದ್ರಣ, ಇತರ ಭಾಷೆಗಳ ಅನುವಾದದಲ್ಲಿ ಚಿತ್ರಗಳ ಬಳಕೆ, ಹೊದಿಕೆಯ ಮೇಲೆ ಇಬ್ಬರ ಹೆಸರೂ ಸಮಾನ ಗಾತ್ರದಲ್ಲಿ ಇರುವುದು, ಈ ನಾಲ್ಕನ್ನು ಮೊದಲೇ ಬರೆದುಕೊಂಡರೆ ಸ್ನೇಹ ಉಳಿಯುತ್ತದೆ.

ಓದಿಸಿ ನೋಡಿ

ಪದ್ಯವನ್ನು ನೀವೇ ಓದಿ ಪರೀಕ್ಷಿಸುವುದರಿಂದ ಪ್ರಯೋಜನವಿಲ್ಲ, ಏಕೆಂದರೆ ನಿಮ್ಮ ನಾಲಿಗೆ ಲೋಪಗಳನ್ನು ತುಂಬಿಕೊಂಡು ಓದುತ್ತದೆ. ಅದನ್ನು ಒಮ್ಮೆಯೂ ಕೇಳಿರದ ಒಬ್ಬರ ಕೈಗೆ ಡಮ್ಮಿ ಕೊಟ್ಟು, ಮುಂಚೆ ಏನೂ ಹೇಳದೆ, ಗಟ್ಟಿಯಾಗಿ ಓದಲು ಕೇಳಿ. ಅವರು ತಡವರಿಸಿದ, ಹಿಂದಕ್ಕೆ ಹೋಗಿ ಮತ್ತೆ ಓದಿದ ಜಾಗಗಳಲ್ಲಿ ಪೆನ್ಸಿಲಿನ ಗುರುತು ಹಾಕಿ. ಅಲ್ಲೆಲ್ಲ ದೋಷ ಸಾಲಿನದ್ದೇ, ಓದಿದವರದ್ದಲ್ಲ. ಬಳಿಕ ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಒಂದು ಕಿರಿಯ ತರಗತಿಯಲ್ಲೋ ಅಂಗನವಾಡಿಯಲ್ಲೋ ಓದಿಸಿ. ಮಕ್ಕಳು ಎರಡನೆಯ ಸಲದ ಪಲ್ಲವಿಗೇ ದನಿಗೂಡಿಸಿದರೆ ಅದು ಸರಿಯಾಗಿದೆ ಎಂದರ್ಥ. ಮೂರನೆಯ ಸಲವೂ ಸುಮ್ಮನಿದ್ದರೆ ಬದಲಿಸಬೇಕು. ‘ಚೆನ್ನಾಗಿತ್ತೇ?’ ಎಂದು ಕೇಳಬೇಡಿ, ಅವರು ಹೌದು ಎಂದೇ ಹೇಳುತ್ತಾರೆ. ಕಥೆಯನ್ನು ತಿರುಗಿ ಹೇಳಲು ಕೇಳಿ. ಅವರು ಬಿಟ್ಟುಬಿಟ್ಟ ದೃಶ್ಯ ಪುಸ್ತಕಕ್ಕೂ ಬೇಡವಾಗಿರಬಹುದು.

ಅಚ್ಚಿನ ಕೆಲಸ

ಕನ್ನಡ ಅಕ್ಷರಕ್ಕೆ ಮೇಲೆ ಗುಣಿತ, ಕೆಳಗೆ ಒತ್ತು ಇರುವುದರಿಂದ ಸಾಲುಗಳ ನಡುವೆ ಸಾಕಷ್ಟು ಜಾಗ ಬೇಕು. 20 ಪಾಯಿಂಟಿನ ಅಕ್ಷರಕ್ಕೆ 30 ಪಾಯಿಂಟಿನ ಸಾಲಿನ ಅಂತರ ಕೊಟ್ಟರೆ ಒತ್ತುಗಳು ಕೆಳಗಿನ ಸಾಲಿಗೆ ತಾಗುವುದಿಲ್ಲ. ಬಾಲೂ ತಮ್ಮ, ನೋಟೋ ಸ್ಯಾನ್ಸ್ ಕನ್ನಡ ಮುಂತಾದ ಯೂನಿಕೋಡ್ ಅಕ್ಷರವಿನ್ಯಾಸಗಳು ಮುಕ್ತ ಪರವಾನಗಿಯಲ್ಲಿ ಲಭ್ಯವಿವೆ. ಅಚ್ಚುಕೂಟದವರು ಹಳೆಯ ತಂತ್ರಾಂಶಕ್ಕೆ ಪಠ್ಯವನ್ನು ಪರಿವರ್ತಿಸಿಕೊಂಡರೆ ಒತ್ತು ಮತ್ತು ಅರ್ಕಾವತ್ತುಗಳು ಸ್ಥಾನ ಬದಲಿಸುವ ಸಂಭವ ಹೆಚ್ಚು, ಆದ್ದರಿಂದ ಪರಿವರ್ತನೆಯ ಬಳಿಕ ಇನ್ನೊಮ್ಮೆ ಕರಡು ತಿದ್ದಲೇಬೇಕು. ಸಾಧ್ಯವಾದರೆ ನೀವೇ ಪುಟವಿನ್ಯಾಸ ಮುಗಿಸಿ ಅಕ್ಷರಗಳನ್ನು ಒಳಗೊಂಡ ಪಿಡಿಎಫ್ ಕೊಡಿ. ಚಿತ್ರಗಳು ಮುದ್ರಣದ ಅಳತೆಯಲ್ಲೇ 300 ಡಿಪಿಐ (ಇಂಚಿಗೆ 300 ಚುಕ್ಕೆ) ಇರಲಿ, ಬಣ್ಣಗಳು ಅಚ್ಚಿನ ನಾಲ್ಕು ಬಣ್ಣಗಳ ಪದ್ಧತಿಯಾದ ಸಿಎಂವೈಕೆಯಲ್ಲಿರಲಿ, ಅಂಚು ಕತ್ತರಿಸುವುದಕ್ಕಾಗಿ ಚಿತ್ರವನ್ನು ನಾಲ್ಕೂ ಕಡೆ 3 ಮಿಲಿಮೀಟರ್ ಹೆಚ್ಚುವರಿ ಬಿಡಿ. ಮಂಗನ ಮುಖವಾಗಲಿ ಪದ್ಯವಾಗಲಿ ನಡುವಿನ ಮಡಿಕೆಯಲ್ಲಿ ಸಿಕ್ಕಿಕೊಳ್ಳಬಾರದು. ಇಡೀ ಪ್ರತಿ ಅಚ್ಚಾಗುವ ಮೊದಲು ಒಂದು ಹಾಳೆಯ ಬಣ್ಣದ ಕರಡನ್ನು ಹಗಲು ಬೆಳಕಿನಲ್ಲಿ ನೋಡಿ; ಹಪ್ಪಳದ ತಿಳಿಹಳದಿ ಮತ್ತು ಚಾಪೆಯ ಕಂದು ಒಂದರೊಳಗೊಂದು ಮುಳುಗಿಹೋಗುವುದು ಇಲ್ಲಿಯೇ ಗೊತ್ತಾಗುತ್ತದೆ.

ಐಎಸ್‌ಬಿಎನ್ ಎಂಬ, ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆಯನ್ನು ಶಿಕ್ಷಣ ಸಚಿವಾಲಯದ ಅಧೀನದ ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಏಜೆನ್ಸಿಯು ಉಚಿತವಾಗಿ ನೀಡುತ್ತದೆ. ಅರ್ಜಿಯನ್ನು ಅಂತರ್ಜಾಲದಲ್ಲಿ ಸಲ್ಲಿಸಬಹುದು, ಸ್ವಂತವಾಗಿ ಪ್ರಕಟಿಸುವ ಲೇಖಕರಿಗೂ ಅವಕಾಶವಿದೆ. ಮುದ್ರಣಕ್ಕೆ ಹಣ ಹೊಂದದಿದ್ದರೆ ಪ್ರಥಮ್ ಬುಕ್ಸ್ ಸಂಸ್ಥೆಯು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್ ಎಂಬ ಮುಕ್ತ ತಾಣದಲ್ಲಿ ಕನ್ನಡದ ಚಿತ್ರಕಥೆಗಳನ್ನು ಪ್ರಕಟಿಸುವ ದಾರಿ ಇದೆ. ಅಲ್ಲಿ ಹಾಕಿದ್ದನ್ನು ಯಾರು ಬೇಕಾದರೂ ಹೆಸರು ಸೂಚಿಸಿ ಮರುಬಳಕೆ ಮಾಡಬಹುದೆಂಬುದಕ್ಕೆ ನಿಮ್ಮ ಮತ್ತು ಚಿತ್ರಕಾರರ ಒಪ್ಪಿಗೆ ಇರಬೇಕು, ಅಷ್ಟೇ. ಅಚ್ಚಾದ ಪುಸ್ತಕವಾದರೆ 1954ರ ಕಾಯಿದೆಯಂತೆ ಪ್ರಕಟಣೆಯ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ಮೂರು ನಿಗದಿತ ಸಾರ್ವಜನಿಕ ಗ್ರಂಥಾಲಯಗಳಿಗೂ ತಲಾ ಒಂದು ಪ್ರತಿ ಕಳುಹಿಸುವುದು ಪ್ರಕಾಶಕರ ಹೊಣೆ. ಆ ನಾಲ್ಕು ಪ್ರತಿಗಳನ್ನು, ಚಿತ್ರಕಾರರಿಗೆ ಸಲ್ಲುವ ಗೌರವ ಪ್ರತಿಗಳನ್ನು ಮತ್ತು ಡಮ್ಮಿಯನ್ನು ಕೇಳಿ ತಿದ್ದುಪಡಿ ಸೂಚಿಸಿದ ತರಗತಿಯ ಪ್ರತಿಗಳನ್ನು ಮಾರಾಟದ ಲೆಕ್ಕದಿಂದ ಹೊರಗಿಟ್ಟೇ ಮುದ್ರಣದ ಸಂಖ್ಯೆಯನ್ನು ತೀರ್ಮಾನಿಸಿ.